ಬುಧವಾರವೇ ಮುಗಿದ ಶನಿವಾರದ ರೌಂಡ್

ಶನಿವಾರದ ಕಾವಲು ಬುಧವಾರವೇ ಮುಗಿದುಹೋಗಿತ್ತು. ಅದೂ ನನ್ನ ಕೈಬರಹದಲ್ಲಿ.

ನಡೆದದ್ದು ಇಷ್ಟು. ದಾಂಡೇಲಿಯಲ್ಲಿ ನಮ್ಮ ಓಣಿಯ ಈರಪ್ಪ ಕಾಕಾ ಒಂದು ಕಟ್ಟಿಗೆ ಗೋದಾಮಿನ ಹಗಲು ವಾಚ್‌ಮನ್. ಹುಟ್ಟೂರು ಹಳಿಯಾಳದ ಕಡೆಯ ಸಾಂಬ್ರಾಣಿ. ಇಲ್ಲಿಗೆ ಬಂದು ಬಹಳ ವರ್ಷವಾಯಿತು.

ಹೋದ ತಿಂಗಳು ಅಲ್ಲಿನ ಕಾವಲು ಹೊಸ ಗುತ್ತಿಗೆದಾರರ ಕೈಗೆ ಹೋಯಿತು. ಹಳಬರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಹುಬ್ಬಳ್ಳಿಯಿಂದ ಸೂಪರ್‌ವೈಜರ್ ಬರುತ್ತಾರೆ, ನಾಲ್ಕು ಇಂಗ್ಲಿಷ್ ಶಬ್ದ ಕೇಳುತ್ತಾರೆ, ರಜಿಸ್ಟರ್ ನೋಡುತ್ತಾರೆ ಎಂದು ಸುದ್ದಿ.

ಕಾಕಾ ನಮ್ಮ ಮನೆಗೆ ಬಂದು ಕಲಿಸಿಕೊಡು ಎಂದರು. ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನ್ನಿಂದಾಗದು, ಒಬ್ಬ ಕಾಕಾನಿಗಾದರೆ ಕಲಿಸಬಹುದು ಅನ್ನಿಸಿತು.

ಪಟ್ಟಿ ಮಾಡಿದೆ. ವಾಚ್, ಗಾರ್ಡ್, ವಾರ್ಡನ್, ಅಲಾರ್ಮ್, ಕ್ಲಾಕ್... ಡಿಕ್ಷನರಿ ತೆರೆದವಳಿಗೆ ಮುಚ್ಚಲು ಮನಸ್ಸೇ ಬರಲಿಲ್ಲ.

ಗಾರ್ಡ್, ವಾರ್ಡನ್ ಎರಡೂ ಒಂದೇ ಮನೆತನದ ದಾಯಾದಿಗಳಂತೆ. ವಾಚ್ ಎಂದರೆ ಮೊದಲು ಎಚ್ಚರವಾಗಿರುವುದು, ಕೈಗಡಿಯಾರ ಆಮೇಲೆ ಬಂದದ್ದು. ಕ್ಲಾಕ್ ಎಂದರೆ ಮೂಲದಲ್ಲಿ ಬಾರಿಸುವ ಗಂಟೆ. ಇದನ್ನೆಲ್ಲ ಸಂಭ್ರಮದಿಂದ ಹೇಳಿದರೆ ಕಾಕಾನಿಗೆ ಏನೂ ಆಶ್ಚರ್ಯವಾಗಲಿಲ್ಲ.

“ನಮ್ದೂ ಹಂಗ ಐತಲ್ಲ ತಂಗಿ. ಸಾಲ್ಯಾಗ ಬಾರಿಸೂದೂ ಗಂಟಿ, ಗ್ವಾಡಿ ಮ್ಯಾಲ ನೋಡೂದೂ ಗಂಟಿ.”

ಗೋಡೆಯ ಮೇಲೆ ಅವರು ನೋಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಗೇಟಿನ ಕೋಣೆಯ ಗಡಿಯಾರ ಯಾವತ್ತೋ ನಿಂತಿದೆ. ಮೊಬೈಲಿನಲ್ಲಿ ನೋಡಲು ಚಾಳೀಸು ಕನ್ನಡಕ ಬೇಕು. ಮಿಲ್ಲಿನ ಸೈರನ್ನು, ಅವರ ಬಾಯಲ್ಲಿ ಭೋಂಗಾ, ಕೂಗಿದರೆ ಗೋದಾಮಿಗೆ ಒಂದು ರೌಂಡ್, ಹಳಿಯಾಳದ ಬಸ್ಸು ಹೋದರೆ ಇನ್ನೊಂದು.

ಗುತ್ತಿಗೆದಾರರು ಕೊಟ್ಟ ಹೊಸ ರಜಿಸ್ಟರ್ ನೋಡಲು ಗೋದಾಮಿಗೆ ಹೋದ ದಿನ ಬೆಂಚಿನ ಮೇಲೆ ಒಂದು ಮಾಸಲು ನೋಟ್‌ಬುಕ್ ಕಂಡಿತು. ಕಾಕಾ ತಮ್ಮಷ್ಟಕ್ಕೆ ಬರೆದುಕೊಂಡಿದ್ದ ರೌಂಡಿನ ಲೆಕ್ಕ. ಟೈಮ್ ಇಲ್ಲ, ಇಂಗ್ಲಿಷ್ ಇಲ್ಲ, ಗೆರೆ ಕೂಡ ಇಲ್ಲ. ಇದನ್ನು ಸಾಹೇಬರಿಗೆ ತೋರಿಸಬೇಡಿ, ಬೆಂಚಿನ ಕೆಳಗಿಡಿ ಎಂದು ನಾನೇ ಹೇಳಿದೆ.

ಆಮೇಲೆ ಹೊಸ ರಜಿಸ್ಟರಿಗೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಶನಿವಾರದವರೆಗೆ ಗಂಟೆಗೊಂದು ಸಾಲು, ಎದುರಿಗೆ ‘ರೌಂಡ್ ಟೇಕನ್, ಆಲ್ ಓಕೆ’ ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದುಕೊಟ್ಟೆ. ರೌಂಡ್ ಮುಗಿಸಿ ಬಂದು ಒಂದೊಂದೇ ಸಹಿ ಹಾಕಿದರಾಯಿತು. ಸಹಿಯನ್ನೂ ಇಂಗ್ಲಿಷಿನಲ್ಲಿ ಕಲಿಸಿದೆ.

ಕಾಕಾ ಒಳ್ಳೆಯ ವಿದ್ಯಾರ್ಥಿ. ಹೊಸ ಸಹಿಗೆ ಕೈ ಪಳಗಲೆಂದು ರಜಿಸ್ಟರಿನಲ್ಲಿ ಖಾಲಿ ಕಂಡಲ್ಲೆಲ್ಲ ಬರೆದು ರೂಢಿ ಮಾಡಿದ್ದರು.

ಶನಿವಾರ ಸಂಜೆಯ ಸಾಲಿನವರೆಗೆ.

ಬುಧವಾರ ಹತ್ತರ ಸುಮಾರಿಗೆ ಸೂಪರ್‌ವೈಜರ್ ಬಂದರು. ಧೈರ್ಯಕ್ಕೆ ಬಾಜೂಕ ನಿಂತಿರು ಎಂದು ಕಾಕಾ ಕರೆದಿದ್ದರಿಂದ ನಾನೂ ಇದ್ದೆ, ಗೇಟಿನ ಕಂಬಕ್ಕೆ ಅಂಟಿಕೊಂಡು.

ಸೂಪರ್‌ವೈಜರ್ ಒಂದೂ ಇಂಗ್ಲಿಷ್ ಶಬ್ದ ಕೇಳಲಿಲ್ಲ. ನೇರ ರಜಿಸ್ಟರ್ ತೆಗೆದರು. ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು...

“ಏನ್ರಿ ಯಜಮಾನ್ರ, ಇವತ್ತ ಬುಧವಾರ. ಶನಿವಾರದ ರೌಂಡೂ ಹೊಡ್ದು ಮುಗಿಸೀರಿ?”

ಜೊತೆಗೆ ಬಂದಿದ್ದವರು ನಕ್ಕರು. ಕಾಕಾ ತಪ್ಪಾತ್ರಿ ಎಂದರು, ಅಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನೋಡದೆ ಬರೆಯುವವರು ನಮಗೆ ಬೇಡ ಎಂದು ಸೂಪರ್‌ವೈಜರ್ ರಜಿಸ್ಟರ್ ಮುಚ್ಚುತ್ತಾರೆ. ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದಾರೆ.

“ಸರ್, ಅದು ನನ್ನ ಅಕ್ಷರ. ನಾನ ಮುಂಚೆ ಬರದ್ ಕೊಟ್ಟೇನ್ರಿ. ಕಾಕಾ ನೋಡಿ ಬರ್ದದ್ದು ಬ್ಯಾರೆ ಐತಿ.”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕೋಣೆಗೆ ಹೋಗಿ ಬೆಂಚಿನ ಕೆಳಗಿಂದ ಆ ನೋಟ್‌ಬುಕ್ ತಂದು ಕೊಟ್ಟೆ.

ಅವರು ನಿಂತಲ್ಲೇ ಓದಿದರು. ‘ಭೋಂಗಾ ಆತು. ಹಿಂದಿನ ಬೇಲಿ ತಂತಿ ಸಡಿಲ ಐತಿ.’ ಅದರ ಕೆಳಗೆ, ‘ಬಸ್ ಹೋತು. ತಂತಿ ಕಟ್ಟಿದೆ.’ ಮರುದಿನ, ‘ಮೂಲ್ಯಾನ ಸಾಗವಾನಿಗೆ ಗೆದ್ದಲ ಹತ್ತೈತಿ. ಸಾವ್ಕಾರ್ಗ ಹೇಳಿದೆ.’ ಮತ್ತೆ, ‘ಗೆದ್ದಲ ಇನ್ನೂ ಐತಿ. ಮತ್ತ ಹೇಳಿದೆ.’

ಸೂಪರ್‌ವೈಜರ್ ಹಿಂದಿನ ಬೇಲಿಯವರೆಗೆ ನಡೆದುಹೋದರು. ನಾವೂ ಹಿಂದೆ. ತಂತಿಯನ್ನು ಎಳೆದು ನೋಡಿದರು. ಬಿಗಿಯಾಗಿತ್ತು. ಮೂಲೆಯ ದಿಮ್ಮಿಯನ್ನು ಬೂಟಿನಿಂದ ಒತ್ತಿದರೆ ತೊಗಟೆ ಪುಡಿಪುಡಿಯಾಗಿ ಉದುರಿತು.

ವಾಪಸು ಬಂದು ಹೊಸ ರಜಿಸ್ಟರಿನಲ್ಲಿ ನಾನು ಬರೆದಿದ್ದ ಹಾಳೆಗಳಿಗೆಲ್ಲ ಅಡ್ಡಗೆರೆ ಎಳೆದರು. ನೋಟ್‌ಬುಕ್ಕನ್ನು ಕಾಕಾನ ಕೈಗಿಟ್ಟರು.

“ಇದಕ್ಕ ಟೈಮ್ ಒಂದ್ ಹಾಕ್ರಿ. ಮೂರ್ ತಿಂಗ್ಳ ನೋಡೂಣು.”

ಅವರ ಗಾಡಿ ಹೋದ ಮೇಲೆ ಕಾಕಾ ಟೊಪ್ಪಿಗೆ ಹಾಕಿಕೊಂಡು, ನಾನು ಕಲಿಸಿದ ಒಂದು ಶಬ್ದವನ್ನೂ ಅವರು ಕೇಳಲಿಲ್ಲವಲ್ಲ ಎಂದು ಬೇಸರಪಟ್ಟರು. ಅಲಾರ್ಮ್‌ನ ಸ್ಪೆಲಿಂಗ್ ಬಾಯಿಪಾಠ ಆಗಿತ್ತಂತೆ.

ಮರುದಿನ ಕೋಣೆಯ ಗಡಿಯಾರಕ್ಕೆ ಹೊಸ ಸೆಲ್ ತಂದು ಹಾಕಿದೆ. ನಾನು ಮೊಬೈಲ್ ನೋಡಿ ಮುಳ್ಳು ತಿರುಗಿಸಲು ಹೋದರೆ ಕಾಕಾ ಬಿಡಲಿಲ್ಲ. ಭೋಂಗಾ ಕೂಗುವವರೆಗೆ ಇಬ್ಬರೂ ಕಾದು ಕೂತೆವು.

ನೋಡದೆಯೇ ‘ಆಲ್ ಓಕೆ’ ಎಂದು ನಾನು ಬರೆದದ್ದು ಆ ರಜಿಸ್ಟರ್ ಒಂದರಲ್ಲೇ ಇರಲಿಕ್ಕಿಲ್ಲ... ನೀವು ಎಲ್ಲೆಲ್ಲಿ ಬರೆದಿದ್ದೀರಿ?