ತಲೆಯಿಲ್ಲದ ಮೀನು

ಗೆಳೆಯರೇ, ಇವತ್ತು ಸಾಲ್ಮನ್ ಮೀನಿನ ತುಂಡುಗಳಿಗೆ ಸೋಯಾ ಸಾಸ್, ಶುಂಠಿ, ಬೆಲ್ಲ ಸವರಿ ಹುರಿದೆ. ಇಪ್ಪತ್ತೇ ನಿಮಿಷದ ಅಡುಗೆ. ಆದರೂ ಅತ್ತೆಗೆಂದು ಅಳಿಯನಾದ ನಾನು ಅಡುಗೆ ಮಾಡಿದ್ದು ಇದೇ ಮೊದಲು. ಭದ್ರಾವತಿಯ ಕಾಗದನಗರದಿಂದ ಬಂದಿದ್ದ ಅವರು ತಟ್ಟೆಯನ್ನು ದೂರ ಸರಿಸಿದರು.

"ತಲೆ ಎಲ್ಲಿ?"

"ಪ್ಯಾಕೆಟ್‌ನಲ್ಲಿ ತಲೆ ಬರಲ್ಲ ಅತ್ತೆ."

"ಅಲ್ಲ ಮಾರಾಯ್ರೇ, ಕಣ್ಣು ನೋಡ್ದೆ ಮೀನು ತಗೊಂಡ್ರಾ? ಕೆಟ್ಟಿದ್ರೆ ಹೆಂಗೆ ಗೊತ್ತಾಗುತ್ತೆ? ನನಗೆ ಮೊಸರನ್ನ ಸಾಕು."

ಆದರೆ ಕುತೂಹಲ ಬಿಡಲಿಲ್ಲ. ಕಸದ ಬುಟ್ಟಿಯಿಂದ ಖಾಲಿ ಪ್ಯಾಕೆಟ್ ಅನ್ನು ತಾವೇ ತೆಗೆದರು. ಅದರ ಮೇಲೆ ಇಡೀ ಮೀನಿನ ಚಿತ್ರವಿತ್ತು. ಕನ್ನಡಕ ಹಾಕಿಕೊಂಡು ಆ ಮೀನಿನ ಕಣ್ಣನ್ನು ಬಹಳ ಹೊತ್ತು ನೋಡಿದರು.

"ಹೊಳೀತಿದೆ. ಎರಡು ತುಂಡು ಹಾಕಿ."

ನಾನು ನಗಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಅವರು ನನ್ನನ್ನು ಒಪ್ಪಿದ್ದೂ ಫೋಟೊ ನೋಡಿಯೇ.