ಎಡಗಡೆ ಒಂದಿಂಚು ಎತ್ತರ

ನಮ್ಮ ಗ್ಯಾರೇಜಿನಲ್ಲಿ ನನ್ನ ಹೆಂಡತಿಗೆ ಟೇಪಮ್ಮ ಎಂದೇ ಹೆಸರು. ಅಳತೆಯ ಟೇಪು ಸದಾ ಅವಳ ಸೊಂಟದಲ್ಲಿರುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಪೈಕಿಯಲ್ಲ ಅವಳು. ಎಲ್ಲಿ, ತೋರಿಸು ಎನ್ನುತ್ತಾಳೆ. ಮದುವೆಯಾಗಿ ಬಂದಾಗ ಬಿಡಿಭಾಗ ತೊಳೆಯುವುದರಿಂದ ಶುರು ಮಾಡಿದವಳು, ಹನ್ನೆರಡು ವರ್ಷದಲ್ಲಿ ಗಾಡಿಯ ಕೆಳಗೆ ಮಲಗಿ ಅದರ ಕಾಯಿಲೆ ಹೇಳುವ ಮಟ್ಟಕ್ಕೆ ಬಂದಳು. ಕಲಿಸಿದವರು ನನ್ನ ಅಪ್ಪ. ನನಗೂ ಕಲಿಸಲು ನೋಡಿದರು. ನಾನು ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೂತೆ. ಅಲ್ಲಿ ಫ್ಯಾನಿದೆ.

ಮಂಡಿ ಆಪರೇಷನ್ ಆದ ಮೇಲೆ ಅಪ್ಪ ಎರಡು ವರ್ಷ ಮನೆಯಲ್ಲೇ ಇದ್ದರು. ಕೆಲಸವಿಲ್ಲದ ಅಪ್ಪ ಎಂದರೆ ಬೆಳಗಿನಿಂದ ಸಂಜೆಯವರೆಗೆ ಎಲ್ಲರ ತಲೆ ತಿನ್ನುವ ಅಪ್ಪ. ಹೋದ ವಾರ ದನದ ಡಾಕ್ಟರಮ್ಮ ಬಂದು, ಕಲ್ಲುದಾರಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ, ನನ್ನ ಪಿಕಪ್ಪನ್ನು ಸ್ವಲ್ಪ ಎತ್ತರ ಮಾಡಿಕೊಡಿ ಎಂದಾಗ, ಅಪ್ಪ ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿದರು.

"ಇದನ್ನ ನಾನೊಬ್ನೇ ಮಾಡ್ತೀನಿ. ಗಾಡಿ ಸರಿಯಾಗಿ ಓಡಿದ್ರೆ ದಿನಾ ಕೆಲಸಕ್ಕೆ ಬರ್ತೀನಿ. ಇಲ್ದಿದ್ರೆ ಇನ್ಮೇಲೆ ಸ್ಪ್ಯಾನರ್ ಮುಟ್ಟಲ್ಲ."

ಅವರ ಮಾತು ಕಲ್ಲಿನ ಮೇಲೆ ಬರೆದ ಹಾಗೆ. ಹಿಂದೆ ಎರಡೂ ಕಡೆ ಹೆಚ್ಚು ಪ್ಲೇಟಿನ ಹೊಸ ಸ್ಪ್ರಿಂಗ್ ಹಾಕಿ ಗಾಡಿ ಕೊಟ್ಟರು. ನಾಲ್ಕನೇ ದಿನಕ್ಕೆ ಅದು ವಾಪಸ್ ಬಂತು. ಡಾಕ್ಟರಮ್ಮ ಸೊಂಟ ಹಿಡಿದುಕೊಂಡು ಇಳಿದರು.

"ಹಸುಗೆ ಇಂಜೆಕ್ಷನ್ ಹಾಕೋಕೆ ಹೋಗೋಳು ನಾನೇ ಹಾಕಿಸ್ಕೊಳ್ಳೋ ಹಂಗಾಗಿದೆ. ಸಣ್ಣ ಗುಂಡಿಗೂ ಎತ್ತಿ ಎತ್ತಿ ಹಾಕುತ್ತೆ. ಹಿಂದೆಯಿಂದ ನೋಡಿ, ಒಂದು ಕಡೆ ವಾಲಿದೆ."

ಅಪ್ಪ ಬೆಂಚಿನ ಮೇಲಿಂದ ಏಳಲಿಲ್ಲ. ನಾನು ಡಾಕ್ಟರಮ್ಮನನ್ನು ಗೋಡೆಯಾಚೆ ಕೌಂಟರಿನಲ್ಲಿ ಕೂರಿಸಿ ಬಂದೆ. ನನ್ನವಳು ಟೇಪು ಎಳೆದಳು.

ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದಳು, ಸರಿಯಿತ್ತು. ಹಿಂದಿನ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆದಳು. ಎಡಗಡೆ ಒಂದಿಂಚು ಎತ್ತರ. ಎರಡೂ ಕಡೆಯ ಸ್ಪ್ರಿಂಗ್ ಪ್ಲೇಟುಗಳನ್ನು ಎಣಿಸಿದಳು, ಒಂದೇ ಸಮ. ಆಮೇಲೆ ಹಿಂದಿನ ಬಂಪರಿನ ಬಲಮೂಲೆಯ ಮೇಲೆ ನಿಂತು ಕುಣಿದಳು. ಗಾಡಿ ಬಗ್ಗಿ ಎದ್ದಿತು. ಎಡಮೂಲೆಯಲ್ಲಿ ಕುಣಿದಳು, ಗಾಡಿ ಜಪ್ಪಯ್ಯ ಎನ್ನಲಿಲ್ಲ. ಟಾರ್ಚು ಹಿಡಿದು ಕೆಳಗೆ ನುಸುಳಿದವಳು ನನ್ನನ್ನು ಕರೆದು ಸ್ಪ್ರಿಂಗಿನ ತುದಿ ತೋರಿಸಿದಳು. ಬೋಲ್ಟಿನ ಸುತ್ತಲಿನ ರಬ್ಬರ್ ಬುಷ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು.

ಕೌಂಟರಿನವನಾದ ನನಗೂ ಅದು ಅರ್ಥವಾಯಿತು. ಗಾಡಿ ಜಾಕಿನ ಮೇಲಿದ್ದು ಚಕ್ರ ಜೋತಾಡುವಾಗಲೇ ಆ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರು ಹಾಗೆಯೇ ಕಚ್ಚಿಕೊಳ್ಳುತ್ತದೆ. ಇಳಿಸಿದ ಮೇಲೆ ಆ ಪಕ್ಕವನ್ನು ಎತ್ತಿ ಹಿಡಿಯುತ್ತದೆ, ಸ್ಪ್ರಿಂಗನ್ನು ಆಡಲು ಬಿಡುವುದಿಲ್ಲ. ಭಾರ ನೆಲಕ್ಕೆ ಬಿದ್ದ ಮೇಲೆಯೇ ಕೊನೆಯ ಬಿಗಿ. ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು.

"ಸ್ಪ್ರಿಂಗೇ ಕೆಟ್ಟದ್ದು ಬಂದಿದೆ ಅಂದ್ಬಿಡೇ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ," ಎಂದು ಪಿಸುಗುಟ್ಟಿದೆ.

"ರೀ, ನೀವು ಹೋಗಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ," ಎಂದಳು.

ಹೊರಗೆ ಬಂದು ಕೈ ಒರೆಸಿಕೊಂಡು ನೇರ ಅಪ್ಪನ ಮುಂದೆ ನಿಂತಳು. "ಮಾವ, ಎಡಗಡೆ ಬೋಲ್ಟ್ ಜಾಕ್ ಮೇಲೇ ಬಿಗಿದಿದ್ದೀರಿ."

ಅಪ್ಪ ತಮ್ಮ ಮಂಡಿ ಸವರಿಕೊಂಡರು.

"ಗೊತ್ತಮ್ಮಾ. ಇಳಿಸಿ ಬಲಗಡೇದು ಬಿಗಿಯೋವಾಗ ನೆನಪಾಯ್ತು. ಅಷ್ಟೊತ್ತಿಗೆ ಕಾಲು ಹಿಡ್ಕೊಂಡಿತ್ತು. ಇನ್ನೊಂದ್ಸಲ ಕೆಳಗೆ ಹೋಗಕ್ಕಾಗ್ಲಿಲ್ಲ. ಕರೆಯೋಕೆ ನಾಚಿಕೆ ಆಯ್ತು."

ಅದನ್ನು ಕೇಳಿ ನನಗೆ ಅಳು ಬಂತು, ಮುಚ್ಚುಮರೆ ಏನಿಲ್ಲ. ಆವತ್ತು ಗೋಡೆಯಾಚೆ ಹತ್ತು ಹೆಜ್ಜೆಯಲ್ಲೇ ನಾನಿದ್ದೆ.

ಅವಳು ಅಳುವ ಪೈಕಿಯಲ್ಲ. "ಬಿಚ್ಚೋದು ನಾನು, ಬಿಗಿಯೋದು ನೀವು. ಏಳಿ ಮಾವ," ಎಂದಳು. ನೆಲದ ಮೇಲೆ ನಿಂತ ಗಾಡಿಯ ಎಡಬೋಲ್ಟನ್ನು ಸಡಿಲಿಸಿದಳು. ಕಿರ್ರ್ ಎಂದು ಸದ್ದಾಗಿ ಆ ಪಕ್ಕ ಇಳಿದು ಕೂತಿತು. ಆಮೇಲೆ ಅಪ್ಪನನ್ನು ಗಾಲಿಯಿರುವ ಹಲಗೆಯ ಮೇಲೆ ಮಲಗಿಸಿ ಕೆಳಗೆ ತಳ್ಳಿದಳು. ಒಳಗಿನಿಂದ "ಹದಿನೇಳು ಕೊಡು," ಎಂದರು. ಹದಿನೇಳರ ಸ್ಪ್ಯಾನರ್ ಕೊಟ್ಟಳು. ಬಿಗಿದಾದ ಮೇಲೆ ಎಳೆದು ಈಚೆ ತಂದಳು. ಮತ್ತೆ ಅಳೆದಾಗ ಎರಡೂ ಕಡೆ ಸಮ.

ಡಾಕ್ಟರಮ್ಮ ಗಾಡಿಯನ್ನು ಗ್ಯಾರೇಜಿನ ಹಿಂದಿನ ಕಲ್ಲುರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಬಂದು, ಕಿಟಕಿಯಿಂದಲೇ ನಕ್ಕು, "ಏನಾಗಿತ್ತು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ತಪ್ಪು ನಂದು. ಕಂಡುಹಿಡಿದಿದ್ದು ನನ್ನ ಸೊಸೆ." ನಲವತ್ತು ವರ್ಷದಲ್ಲಿ ಅವರು ಗಿರಾಕಿಯ ಎದುರು ತಪ್ಪು ಒಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಗಾಡಿ ಹೋಯಿತು. ಅಪ್ಪ ಹಳೇ ಬಟ್ಟೆಯಲ್ಲಿ ಬೆರಳುಗಳ ಗ್ರೀಸನ್ನು ಒಂದೊಂದಾಗಿ ಒರೆಸಿಕೊಂಡರು. ಮನೆಗೆ ಹೊರಡುತ್ತಾರೆ, ಇನ್ನು ಬರುವುದಿಲ್ಲ ಎಂದುಕೊಂಡೆ. ಅವರು ನನ್ನ ಹೆಂಡತಿಯ ಕಡೆ ತಿರುಗಿದರು.

"ನಾಳೆ ಎಷ್ಟು ಗಂಟೆಗೆ ಬರ್ಬೇಕಮ್ಮಾ?"

"ಒಂಬತ್ತಕ್ಕೆ," ಎಂದಳು ಅವಳು, ಟೇಪು ಸುತ್ತುತ್ತ. "ತಡ ಮಾಡ್ಬೇಡಿ ಮಾವ."