ಕೊಬ್ಬರಿಯೂ ಅಪಾಯದ ಸರಕು

ಅರಸೀಕೆರೆಯಿಂದ ಉಂಡೆ ಕೊಬ್ಬರಿ ತುಂಬಿಕೊಂಡು ಉತ್ತರದ ಊರುಗಳಿಗೆ ಲಾರಿ ಓಡಿಸುವುದು ನನ್ನ ಕಸುಬು. ಆ ಸಲ ಹೊರಟಾಗ ಹೆಂಡತಿ ಹಳೇಬೀಡಿನ ತವರಿನಲ್ಲಿ ಬಾಣಂತಿ. ಮಗಳ ನಾಮಕರಣಕ್ಕೆ ದಿನ ಗೊತ್ತಾಗಿತ್ತು, ಮಠದ ಸ್ವಾಮಿಗಳೂ ಬರುವವರಿದ್ದರು. ಹಿಂದಿನ ದಿನವೇ ಬಂದುಬಿಡುತ್ತೇನೆ ಎಂದಿದ್ದೆ. ಹೆಸರಿನ ಭಾರ ನನಗೇ ಬಿಟ್ಟಿದ್ದರು. ಏನು ಹೆಸರೆಂದು ಹೆಂಡತಿ ಎಷ್ಟು ಕೇಳಿದರೂ ನಾನು ಬಾಯಿ ಬಿಡಲಿಲ್ಲ. ತೊಟ್ಟಿಲ ಮುಂದೆ ನಿಂತು ಮಗುವಿನ ಕಿವಿಯಲ್ಲೇ ಮೊದಲು ಹೇಳಬೇಕೆಂಬ ಆಸೆ.

ಹೋಗುವ ದಾರಿಯಲ್ಲಿ ಬೆಟ್ಟ ಕೊರೆದು ಮಾಡಿದ ಸುರಂಗವೊಂದಿದೆ. ಅದರ ಬಾಯಲ್ಲೇ ಕಾವಲಿನವನು ಕೈ ಅಡ್ಡ ಹಿಡಿದ. ಪೆಟ್ರೋಲ್, ಗ್ಯಾಸ್, ಪಟಾಕಿ ಸಾಗಿಸುವ ಗಾಡಿಗಳು ಒಳಗೆ ಹೋಗುವಂತಿಲ್ಲ, ಸರಿ, ಯಾರು ಬೇಡವೆಂದರು? ಆದರೆ ಅವನು ತೋರಿಸಿದ ಬೋರ್ಡಿನಲ್ಲಿ ಅವುಗಳ ಸಾಲಿನಲ್ಲೇ ಕೊಬ್ಬರಿಯೂ ಇತ್ತು. ಬಿಗಿಯಾಗಿ ತುಂಬಿದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯ ಅಟ್ಟದ ತುಂಬ ಯಾವಾಗಲೂ ಕೊಬ್ಬರಿಯೇ, ಅದರ ಕೆಳಗೆ ಹಾಸಿಗೆ ಹಾಸಿಕೊಂಡು ಬೆಳೆದವನು ನಾನು. ಅತ್ತ ಬಾಣಂತಿ ಹೆಂಡತಿಗೆ ದಿನವೂ ಕೊಬ್ಬರಿ ಬೆಲ್ಲ ತಿನ್ನಿಸುತ್ತಿದ್ದರು. ಅವಳೇನು ಸಿಡಿದುಹೋದಳೇ?

ಒಂದು ಉಂಡೆ ಒಡೆದು ಅವನೆದುರೇ ತಿಂದು ತೋರಿಸಿದೆ. ಅವನಿಗೂ ಒಂದು ಹೋಳು ಕೊಟ್ಟೆ. ತಿಂದ. ಚೆನ್ನಾಗಿದೆ ಎಂದ. ಬಿಡಲಿಲ್ಲ. ಹಳೇ ಘಾಟಿ ರಸ್ತೆಯಲ್ಲಿ ಹೋಗು ಎಂದು ಹಿಂದಿಯಲ್ಲಿ ಹೇಳಿ ಇನ್ನೊಂದು ಹೋಳಿಗೆ ಕೈ ಚಾಚಿದ.

ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ಸಾಲುಗಟ್ಟಿದ್ದವು. ಮುಂದೆ ಹೋಗುವಂತಿಲ್ಲ, ಹಿಂದಕ್ಕೆ ತಿರುಗಿಸುವಂತಿಲ್ಲ, ದಿನಗಟ್ಟಲೆ ಅಲ್ಲೇ. ಕೆಳಗೆ ಕಾರುಗಳು ಸರಾಗವಾಗಿ ಸುರಂಗದೊಳಗೆ ನುಗ್ಗುವುದನ್ನು ನೋಡುತ್ತ ಹಲ್ಲು ಕಡಿದೆ. ಇನ್ನು ನಾಮಕರಣಕ್ಕೆ ಮುಟ್ಟಲಾರೆ, ಹೆಸರನ್ನಾದರೂ ಹೇಳಿಬಿಡೋಣವೆಂದರೆ ಫೋನಿಗೆ ಸಿಗ್ನಲ್ ಇಲ್ಲ. ಬಂಡೆ ಹತ್ತಿದೆ, ಮೂಟೆಗಳ ಮೇಲೂ ಹತ್ತಿ ನಿಂತೆ. ರಸ್ತೆ ತೆರೆದು, ಘಾಟಿ ಇಳಿದು ಸಿಗ್ನಲ್ ಸಿಕ್ಕಿದಾಗ ನಾಮಕರಣದ ದಿನವೇ ಬಂದಿತ್ತು, ಹೊತ್ತೂ ಮೀರಿತ್ತು.

ಫೋನ್ ಎತ್ತಿದವರು ಮಾವ.

"ಸ್ವಾಮಿಗಳ್ನ ಎಷ್ಟೊತ್ತು ಅಂತ ಕೂರ್ಸದು ಹೇಳಿ? ಅವ್ರೇ ಒಂದು ಹೆಸ್ರು ಹೇಳಿದ್ರು. ಇಟ್ಟಾಯ್ತು."

"ನಾನೊಂದು ಅಂದ್ಕೊಂಡಿದ್ದೆ ಮಾವ."

"ಮೊದ್ಲೇ ಹೇಳ್ಬಾರ್ದಿತ್ತಾ? ಇರ್ಲಿ ಬಿಡಿ. ಊಟ ಮಾಡಿದ್ರಾ?"

ಸರಕು ಇಳಿಸಿ ವಾಪಸು ಬರುವಾಗ ಖಾಲಿ ಲಾರಿಯನ್ನು ಯಾರೂ ತಡೆಯಲಿಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸುರಂಗ ದಾಟಿದೆ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಸ್ವಾಮಿಗಳಿಟ್ಟ ಹೆಸರು ಕೂಗಿದರೆ ಎಲ್ಲಿದ್ದರೂ ಓಡಿಬರುತ್ತಾಳೆ. ಮೊನ್ನೆ ಅಟ್ಟದ ಕೆಳಗೆ ನನ್ನ ಪಕ್ಕ ಮಲಗಿ ಆಡುತ್ತಿದ್ದಾಗ, ಯಾರಿಗೂ ಹೇಳದ ಆ ಹೆಸರನ್ನು ಮೆಲ್ಲಗೆ ಅವಳ ಕಿವಿಯಲ್ಲಿ ಹೇಳಿದೆ.

"ಅದ್ಯಾರಪ್ಪ?" ಎಂದಳು.